ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರು

‘ನೀವು ಆಸ್ಪತ್ರೆ ತಲುಪಿದ್ದೀರಿ’ ಎಂದಿತು ಫೋನಿನ ನಕ್ಷೆ. ಹಳ್ಳಿಯಿಂದ ಬಂದ ಷುಗೆನ್‌ನ ಎದುರಿಗಿದ್ದದ್ದು ಮಾತ್ರ ಒಂದು ನೂಡಲ್ಸ್ ಗಾಡಿ, ಅದರಾಚೆ ನದಿ. ಒಂಬತ್ತು ಗಂಟೆಯೊಳಗೆ ಮನೆಯವರು ಯಾರಾದರೂ ಸಹಿ ಹಾಕದಿದ್ದರೆ ಅಕ್ಕ ಗುಯಿಫಾಂಗ್‌ಳ ಆಪರೇಷನ್ ಇಲ್ಲ. ಅವಳಿಗಿದ್ದವನು ಇವನೊಬ್ಬನೇ. ಉಳಿದದ್ದು ನಾಲ್ಕು ನಿಮಿಷ.

“ಎಲ್ಲಿದ್ದೀಯೋ? ಹಾಸಿಗೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದೀನಿ,” ಎಂದಳು ಅಕ್ಕ ಫೋನಿನಲ್ಲಿ.

“ನಾನೂ ಬಾಗಿಲಲ್ಲೇ ಇದೀನಕ್ಕ!”

“ಸುಳ್ಳ! ಹೆದರ್ಕೊಂಡು ಊರಲ್ಲೇ ಕೂತಿದೀಯ.”

ನೂಡಲ್ಸಿನವಳು ನಕ್ಕಳು. “ಆಸ್ಪತ್ರೆ ಇಲ್ಲೇ ಇದೆ ಅಣ್ಣ, ನಿನ್ನ ತಲೆ ಮೇಲೆ. ಇಲ್ಲಿನ ಇಪ್ಪತ್ತೆರಡನೇ ಮಹಡಿ ಅಂದ್ರೆ ಅಲ್ಲಿನ ನೆಲ. ಲಿಫ್ಟಿಗೆ ಅಗೋ, ಅಷ್ಟುದ್ದ ಸಾಲು!” ಬೆಟ್ಟಕ್ಕೆ ಅಂಟಿಕೊಂಡ ನಮ್ಮ ಚೊಂಗ್‌ಚಿಂಗ್ ನಗರ ಎಂದರೆ ಸುಮ್ಮನೆಯೇ? ರಸ್ತೆಯ ಮೇಲೆ ರಸ್ತೆ, ಅದರ ಮೇಲೆ ಇನ್ನೊಂದು; ಮೇಲಿನವರು ಉಗುಳಿದ್ದು ಕೆಳಗೆ ಬೀಳುವಷ್ಟರಲ್ಲಿ ಒಣಗಿರುತ್ತದೆ, ಹದ್ದುಗಳೂ ಇಲ್ಲಿ ದಾರಿ ಕೇಳಿಕೊಂಡೇ ಹಾರುತ್ತವೆ. ಬಡಪಾಯಿ ನಕ್ಷೆಗೆ ಮೇಲು ಕೆಳಗು ಏನು ಗೊತ್ತು!

ಷುಗೆನ್ ಕತ್ತೆತ್ತಿದ. ಮುಗಿಲಿಗೆ ತಾಗಿದ ಮೇಲಿನ ರಸ್ತೆಯಂಚಿನ ಕಂಬಿಯ ಹಿಂದೆ ರೋಗಿಗಳ ಪಟ್ಟೆ ಅಂಗಿಯೊಂದು ಕಂಡಿತು. “ಅಕ್ಕಾ, ಕೆಳಗ್ ನೋಡು!” ಎಂದು ಕೋಟು ಬಿಚ್ಚಿ ಬೀಸಿದ. ಪಟ್ಟೆ ತೋಳೂ ಮೇಲೆದ್ದು ಬೀಸಿತು.

“ಸಹಿ ಹಾಕೋರು ಬಂದ್ರಾ?” ಫೋನಿನಲ್ಲಿ ನರ್ಸಿನ ದನಿ.

“ಬಂದಿದಾನಮ್ಮ, ಅಗೋ ಅಲ್ಲಿ,” ಎಂದಳು ಅಕ್ಕ.

ಬಿಳಿ ಟೋಪಿಯೊಂದು ಕಂಬಿಯಿಂದ ಬಗ್ಗಿ ಅವನನ್ನು ನೋಡಿತು. ಆಮೇಲೆ ಫೋನಿನಲ್ಲಿ ಹಾಳೆ ಮಗುಚಿದ ಸದ್ದು, ಅದರ ಹಿಂದೆಯೇ ಆಪರೇಷನ್ನಿಗೆ ಇನ್ನಾರದೋ ಹೆಸರು ಕರೆದದ್ದು ಕೇಳಿತು.