ಮೂರು ಬೆರಳು ಜಾಗ

ರಾತ್ರಿ ಹನ್ನೊಂದೂವರೆಗೆ ಪಕ್ಕದ ಕೋಣೆಯಿಂದ ಕಾಗದ ಹರಿದ ಸದ್ದು ಕೇಳಿಸಿತು. ಸಣ್ಣ ಸದ್ದು, ಯಾರೋ ಹೆದರಿ, ತಡೆದು ತಡೆದು ಹರಿದಂತಿತ್ತು. ಕುಲಸಚಿವೆಗೆ ಅರ್ಥವಾಯಿತು. ಡೀನ್ ತಮ್ಮ ಲಕೋಟೆ ಒಡೆದಿದ್ದಾರೆ. ನಾಯಕತ್ವ ತರಬೇತಿಗೆಂದು ಬಂದಿದ್ದ ವಿಶ್ವವಿದ್ಯಾಲಯದ ಹನ್ನೆರಡು ಅಧಿಕಾರಿಗಳಿಗೂ ಸಂಜೆ ಒಂದೊಂದು ಲಕೋಟೆ ಸಿಕ್ಕಿತ್ತು. ಒಳಗೆ, ಅವರವರ ಕೈಕೆಳಗಿನ ಹತ್ತು ಮಂದಿ ಹೆಸರು ಹಾಕದೆ ಬರೆದುಕೊಟ್ಟ ಅಭಿಪ್ರಾಯಗಳು. "ಬೆಳಿಗ್ಗೆ ಎಲ್ಲರೂ ಒಟ್ಟಿಗೆ ತೆಗೆಯೋಣ. ಯಾರು ಬರೆದಿದ್ದು ಅಂತ ಮಾತ್ರ ಹುಡುಕಬೇಡಿ. ಆಮೇಲೆ ಹಾಳೆಗಳು ಕುಲಪತಿಗಳ ಕಚೇರಿಗೆ ಹೋಗುತ್ತವೆ" ಎಂದಿದ್ದಳು ತರಬೇತುದಾರಳು.

ಕುಲಸಚಿವೆಯೂ ತನ್ನದನ್ನು ಒಡೆದಳು. ಒಂಬತ್ತು ಹಾಳೆಗಳಲ್ಲಿ ಅಂಥದ್ದೇನೂ ಇರಲಿಲ್ಲ. ಶಿಸ್ತು, ಸಮಯಪಾಲನೆ, ಸ್ವಲ್ಪ ಮುಂಗೋಪ. ಹತ್ತನೆಯದರ ಅಕ್ಷರಗಳು ಎಡಗೈಯಲ್ಲಿ ಬರೆದಂತೆ ಸೊಟ್ಟಗಿದ್ದವು. 'ಒಮ್ಮೆ ಒಂದು ಗಂಟೆ ಬಿಡುವು ಕೇಳಿದ್ದೆ. ಸಭೆ ಮುಗಿಯಲಿ ಎಂದರು. ಸಭೆ ಮುಗಿಯುವ ಹೊತ್ತಿಗೆ ನನಗೆ ಆ ಗಂಟೆ ಬೇಕಾಗಿರಲಿಲ್ಲ. ಮೇಡಂ ಕೆಟ್ಟವರಲ್ಲ.'

ಯಾರದೋ ಏನೋ ಎಂದು ಪಕ್ಕಕ್ಕಿಡುವಷ್ಟರಲ್ಲಿ ಹಾಳೆಯ ಎಡ ಅಂಚು ಕಣ್ಣಿಗೆ ಬಿತ್ತು. ಮೇಲಿನಿಂದ ಕೆಳಗಿನವರೆಗೂ ಅಳತೆ ಹಿಡಿದು ಬಿಟ್ಟಂತೆ ಮೂರು ಬೆರಳು ಜಾಗ. ಹತ್ತೊಂಬತ್ತು ವರ್ಷಗಳ ಹಿಂದೆ ಆಕೆಯೇ ಕಲಿಸಿದ್ದು: "ಫೈಲಿಗೆ ಹೋಗೋ ಕಾಗದ ಕಣಮ್ಮ, ದಾರ ಪೋಣಿಸೋಕೆ ಮೂರು ಬೆರಳು ಜಾಗ ಬಿಡಬೇಕು." ಅಂದಿನಿಂದ ಆಕೆಯ ಆಪ್ತ ಸಹಾಯಕಿ ಫೋನ್ ನಂಬರ್ ಗೀಚಿಕೊಳ್ಳುವ ಚೀಟಿಯಲ್ಲೂ ಅಂಚು ಬಿಡುತ್ತಿದ್ದಳು. ಆಡಳಿತ ಭವನದಲ್ಲೆಲ್ಲ ಅವಳ ಹೆಸರೇ ಮಾರ್ಜಿನಮ್ಮ. ಪಾಪ, ಕೈ ಬದಲಿಸಬೇಕೆಂದು ಹೊಳೆದಿದೆ. ಅಂಚು ಬಿಡಬಾರದೆಂದು ಹೊಳೆದಿಲ್ಲ.

ಆ ಗಂಟೆ ಯಾವುದೆಂದು ಈಗ ಗೊತ್ತಾಯಿತು. ಕಳೆದ ವರ್ಷ ತಪಾಸಣಾ ತಂಡ ಬಂದ ದಿನ ಮಾರ್ಜಿನಮ್ಮ ಬಾಗಿಲಲ್ಲಿ ನಿಂತು, "ಆಸ್ಪತ್ರೆಯಿಂದ ಫೋನ್ ಬಂದಿತ್ತು ಮೇಡಂ, ಒಂದು ಗಂಟೆ ಹೋಗಿ ಬರ್ಲಾ?" ಎಂದು ಕೇಳಿದ್ದಳು. ಕುಲಸಚಿವೆ ಕಡತದಿಂದ ತಲೆ ಎತ್ತದೆಯೇ "ಸಭೆ ಮುಗಿಯಲಿ" ಎಂದಿದ್ದಳು. ಸಂಜೆ, ಅವಳ ತಾಯಿ ತೀರಿಕೊಂಡ ಸುದ್ದಿ ಬಂದಾಗ ಕೇಳದೆಯೇ ಹದಿನೈದು ದಿನ ರಜೆ ಮಂಜೂರು ಮಾಡಿದ್ದಳು. ಅದನ್ನು ನೆನೆದು ತನ್ನನ್ನು ತಾನೇ ಮೆಚ್ಚಿಕೊಂಡದ್ದೂ ಉಂಟು. ತಾಯಿ ಎಷ್ಟು ಗಂಟೆಗೆ ಹೋದರು ಎಂದು ಮಾತ್ರ ಕೇಳಿರಲಿಲ್ಲ.

ಯಾರೋ ಬಾಗಿಲು ತಟ್ಟಿದರು. ಡೀನ್ ಹಾಳೆಗಳನ್ನು ಹಿಡಿದು ನಿಂತಿದ್ದರು.

"ದೀಪ ಉರೀತಿತ್ತು, ಅದಕ್ಕೇ ಬಂದೆ. ಓ, ನೀವೂ ಒಡೆದ್ರಾ? ಸರಿ ಹೋಯ್ತು, ಇಬ್ಬರೂ ಕಳ್ಳರೇ! ನೋಡಿ ಮೇಡಂ, ನಾನು ಕುರ್ಚಿ ಬಿಟ್ಟು ಏಳೋದೇ ಇಲ್ವಂತೆ. ಏಳೋಕೆ ಈ ಮಂಡಿ ಬಿಡಬೇಕಲ್ಲ?" ನಕ್ಕರು, ಆದರೆ ಅದೇ ಹಾಳೆಯನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದರು. "ಬರೀಲಿ ಬಿಡಿ. ಯಾರ ಕೈವಾಡ ಅಂತ ಕುಲಪತಿಗಳು ಕಂಡುಹಿಡೀತಾರೆ. ಹೋದ ಸಲ ಹೀಗೇ ಬರೆದವನು ಈಗ ಗೋದಾಮಲ್ಲಿ ಹಳೇ ಉತ್ತರ ಪತ್ರಿಕೆ ಕಟ್ತಾ ಕೂತಿದಾನೆ. ನಿಮಗೇನು ಬರೆದಿದಾರೆ?"

"ಮುಂಗೋಪ ಅಂತೆ."

"ಅಷ್ಟೇನಾ? ಪುಣ್ಯವಂತರು!"

ಬಾಗಿಲು ಹಾಕಿ ಕುಲಸಚಿವೆ ಬಿಳಿ ಹಾಳೆಯೊಂದನ್ನು ಎಳೆದುಕೊಂಡಳು. ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಜಾಗ ಬಿಡದೆ ಹಾಳೆಯ ತುದಿಯಿಂದಲೇ ಆ ಹತ್ತನೆಯದನ್ನು ನಕಲು ಮಾಡತೊಡಗಿದಳು. ಅಕ್ಷರಗಳು ಜಾರಿದವು. ಮಣಿಕಟ್ಟು ನೋಯಿತು. ಇಷ್ಟು ಬರೆಯಲು ಅವಳೂ ಹೀಗೇ ಕಷ್ಟಪಟ್ಟಿರಬೇಕು ಎನ್ನಿಸಿತು. 'ಮೇಡಂ ಕೆಟ್ಟವರಲ್ಲ' ಎನ್ನುವಲ್ಲಿಗೆ ಬಂದಾಗ ಕೈ ಓಡಲಿಲ್ಲ. ತನ್ನ ಬಗ್ಗೆ ಅದನ್ನು ತಾನೇ ಬರೆದುಕೊಳ್ಳುವುದು ಆಗಲಿಲ್ಲ. ಆ ಸಾಲನ್ನು ಬಿಟ್ಟಳು. ಮೂಲ ಹಾಳೆಯನ್ನು ಪೆಟ್ಟಿಗೆಯ ತಳದಲ್ಲಿ, ಬಟ್ಟೆಗಳ ಕೆಳಗೆ ಇಟ್ಟಳು.

ಬೆಳಿಗ್ಗೆ ಹಾಳೆಗಳನ್ನು ಒಟ್ಟುಮಾಡುತ್ತಿದ್ದ ತರಬೇತುದಾರಳು ಒಂದರ ಮೇಲೆ ಕಣ್ಣಾಡಿಸಿ ದನಿ ತಗ್ಗಿಸಿದಳು: "ಬೇಜಾರು ಮಾಡ್ಕೋಬೇಡಿ ಮೇಡಂ. ಇವರಿಗೆ ನಿಮ್ಮ ಬಗ್ಗೆ ಹೇಳೋಕೆ ಒಂದೂ ಒಳ್ಳೆ ಮಾತು ಸಿಕ್ಕಿಲ್ಲ ನೋಡಿ."

"ಇಲ್ಲ, ಸಿಕ್ಕಿಲ್ಲ" ಎಂದಳು ಕುಲಸಚಿವೆ.

ಹೊರಗೆ ಬರುವಷ್ಟರಲ್ಲಿ ಫೋನ್ ರಿಂಗಾಯಿತು.

"ಮೇಡಂ, ತಿಂಡಿ ಆಯ್ತಾ? ಶುಕ್ರವಾರದ ಸಭೆಯ ಕಡತ ಸಿದ್ಧವಾಗಿದೆ." ಮಾರ್ಜಿನಮ್ಮ ಕಚೇರಿಯಿಂದ ಮಾತಾಡುತ್ತಿದ್ದಳು. "ಮತ್ತೆ... ಆ ಲಕೋಟೆ ತೆಗೆದ್ರಾ ಮೇಡಂ? ಯಾರು ಬರೆದಿದ್ದು ಅಂತ ಗೊತ್ತಾಗಿಬಿಡುತ್ತಾ? ಇಲ್ಲಿ ಎಲ್ಲರೂ ಕೇಳ್ತಿದಾರೆ, ಅದಕ್ಕೆ ಕೇಳಿದೆ ಅಷ್ಟೇ."

ನಿಮ್ಮಮ್ಮ ಎಷ್ಟು ಗಂಟೆಗೆ ಹೋದರು ಎಂಬ ಪ್ರಶ್ನೆ ನಾಲಗೆಯ ತುದಿಯವರೆಗೆ ಬಂದಿತ್ತು.

"ಹೇಗೆ ಗೊತ್ತಾಗುತ್ತಮ್ಮ? ಎಲ್ಲಾ ಒಂದೇ ಥರ ಇತ್ತು."

ಆ ಕಡೆಯಿಂದ, ಹಿಡಿದಿಟ್ಟ ಉಸಿರು ಬಿಟ್ಟ ಸದ್ದು ಕೇಳಿಸಿತು. ಯಾರಿಗೂ ಹೇಳಕೂಡದು, ಅವಳಿಗಂತೂ ಹೇಳಲೇಕೂಡದು ಎಂದು ಕುಲಸಚಿವೆ ಆಗಲೇ ನಿಶ್ಚಯಿಸಿದಳು. ಫೋನ್ ಇಟ್ಟು ನೋಡಿದರೆ, ರಾತ್ರಿ ಎಷ್ಟು ತೊಳೆದರೂ ಹೋಗದ ಶಾಯಿ ಎಡಗೈಯ ಮೂರು ಬೆರಳಿಗೂ ಹಾಗೇ ಅಂಟಿಕೊಂಡಿತ್ತು.