ಕಾಯಿಹಾಲಿನ ಹೋಟೆಲ್ಲು

ಮೂರನೇ ಸಲ ಕೇಳಿದರೂ ಉತ್ತರ ಬರಲಿಲ್ಲ.

“ಏನಮ್ಮ ಯೋಗಿತಾ, ಮಜ್ಜಿಗೆ ಐತೋ ಇಲ್ವೋ?”

ಯೋಗಿತಾ ಬೆನ್ನು ತಿರುಗಿಸಿಕೊಂಡು ಸಾರಿನ ಪಾತ್ರೆ ಕಲಕುತ್ತಿದ್ದಳು. ಶಂಭುಲಿಂಗಯ್ಯ ಬೆರಳಿನಿಂದ ಟೇಬಲ್ಲು ಕುಟ್ಟಿದರು. ತಿರುಗಿದವಳು ಕೂಗಿಯೇಬಿಟ್ಟಳು.

“ಎಷ್ಟು ಸಲ ಹೇಳ್ಲಿ ಯಜಮಾನ್ರೇ? ತತ್ತೀನಿ ಅಂದ್ನಲ್ಲಾ!”

ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು. ಶಂಭುಲಿಂಗಯ್ಯ ಎತ್ತಿದ ತುತ್ತನ್ನು ಎಲೆಗೇ ಹಾಕಿದರು. ಅರವತ್ತಾರು ವರ್ಷದ ಮನುಷ್ಯ. ತಿಪಟೂರಿನ ಮಾರ್ಕೆಟ್ಟಿನಲ್ಲಿ ಇವತ್ತಿನವರೆಗೆ ಅವರ ಮುಂದೆ ಯಾರೂ ದನಿ ಎತ್ತಿದ್ದಿಲ್ಲ. ಒಂದು ಸಲವೂ ಬಾಯಿ ಬಿಡದವಳು ಎಷ್ಟು ಸಲ ಹೇಳಲಿ ಅಂತಾಳಲ್ಲ!

ಈ ಹೋಟೆಲ್ಲು ನಿಂತಿರುವುದೇ ಅವರಿಂದ. ಎರಡು ವರ್ಷದ ಹಿಂದೆ ತುರುವೇಕೆರೆ ಕಡೆಯಿಂದ ಬಂದ ಯೋಗಿತಾ ‘ವೀಗನ್ ಊಟ’ ಅಂತ ಬೋರ್ಡು ಹಾಕಿದಾಗ ಬೀದಿಯೇ ನಕ್ಕಿತ್ತು. ಹಸುವಿನ ಹಾಲಿಲ್ಲ, ಮೊಸರಿಲ್ಲ, ತುಪ್ಪವಿಲ್ಲ. ಕಾಫಿಯಿಂದ ಮಜ್ಜಿಗೆಯವರೆಗೆ ಎಲ್ಲ ತೆಂಗಿನಕಾಯಿ ಹಾಲಿನದೇ. “ಅಂಥಾ ಕಾಫಿ ಕುಡಿಯಕ್ಕೆ ನಮಗೇನ್ ಬಂದೈತೆ ರೋಗ?” ಅಂದಿದ್ದ ಕರಿಯಪ್ಪ. ಲಾರಿಗೆ ಚೀಲ ಹೇರುವವನು, ಶಂಭುಲಿಂಗಯ್ಯನವರ ಬಾಲ್ಯದ ಗೆಳೆಯ. ಅವನ ರಟ್ಟೆ ಹಿಡಿದು ಎಳೆತಂದವರು ಇವರೇ. “ಕಾಯಿ ಊರಲ್ಲಿ ಕಾಯಿಗೇ ಮರ್ಯಾದೆ ಇಲ್ವೇನ್ಲಾ? ಕುಡಿ.”

ಅಂದಿನಿಂದ ಕೊಬ್ಬರಿ ಹರಾಜಿನ ದಿನ ಅವರ ಹಿಂದೆ ಹದಿನೈದು ಜನ ಊಟಕ್ಕೆ ಬರುತ್ತಿದ್ದರು. ಆ ಹದಿನೈದು ಎಲೆ ಬಿದ್ದರೆ ವಾರ ಪೂರ್ತಿ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಅದು ಯೋಗಿತಾಳಿಗೂ ಗೊತ್ತು.

ಅಂಥವಳು ಒಂದು ತಿಂಗಳಿಂದ ಹೀಗೆ. ಸಾಲಿನಲ್ಲಿ ಎಲ್ಲರಿಗೂ ಎರಡನೇ ಮುದ್ದೆ ಬೀಳುತ್ತದೆ. ಇವರ ಬೆನ್ನ ಹಿಂದೆ ಒಂದು ಗಳಿಗೆ ನಿಂತು ಮುಂದೆ ಹೋಗಿಬಿಡುತ್ತಾಳೆ. ಇವರು ಒಳಗೆ ಕಾಲಿಟ್ಟರೆ ಸಾಕು, ಎಲ್ಲರೂ ಪಿಸುಗುಟ್ಟತೊಡಗುತ್ತಾರೆ. ಇನ್ನೊಂದು ವಿಷಯ. ಮೊದಲೆಲ್ಲ ಬೀದಿಯ ತಿರುವಿಗೇ ಕಾಯಿ ರುಬ್ಬುವ ಮಿಕ್ಸಿಯ ಸದ್ದು ಎದುರುಗೊಳ್ಳುತ್ತಿತ್ತು. ಈಗ ಅದೂ ಇಲ್ಲ. ಮಿಕ್ಸಿ ಓಡದೆ ಕಾಯಿಹಾಲು ಎಲ್ಲಿಂದ ಬರುತ್ತದೆ?

ಕಾಯಿಯ ವಿಷಯದಲ್ಲಿ ಶಂಭುಲಿಂಗಯ್ಯನವರಿಗೆ ಟೋಪಿ ಹಾಕುವುದು ಸುಲಭವಲ್ಲ. ಕೊಬ್ಬರಿಗೆಂದು ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯನ್ನು ಒಡೆಯದೆ, ಬರೀ ಅಲ್ಲಾಡಿಸಿ, ಒಳಗಿನ ನೀರು ಪೂರ್ತಿ ಇಂಗಿದೆಯೋ ಇಲ್ಲವೋ ಹೇಳುವುದು ಅವರ ಕಸುಬು. ಅವರು ಸೈ ಅಂದರೆ ವ್ಯಾಪಾರಿ ಕಣ್ಣುಮುಚ್ಚಿ ಇಡೀ ಅಟ್ಟವನ್ನೇ ಕೊಳ್ಳುತ್ತಿದ್ದ. ಹೋದ ವಾರ ಮಾತ್ರ ನೊಣವಿನಕೆರೆಯಲ್ಲಿ ಅವರು ಸೈ ಅಂದ ಕಾಯಿ ಒಡೆದರೆ ಅರ್ಧಕ್ಕರ್ಧ ಹಸಿ ಬಂದಿತ್ತು. ಯಾರೋ ಕಾಯಿ ಬದಲಾಯಿಸಿದ್ದಾರೆ, ಬೇರೇನು? ಎಲ್ಲಿ ನೋಡಿದರೂ ಕಳ್ಳಾಟವೇ.

“ಬುಡು ಶಂಭಣ್ಣ, ಒಲೆ ಮುಂದೆ ನಿಂತೋರ್ಗೆ ತಲೆ ಕಾದಿರ್ತದೆ,” ಅಂದ ಪಕ್ಕದಲ್ಲಿ ಅಂಟಿಕೊಂಡು ಕೂತಿದ್ದ ಕರಿಯಪ್ಪ. ಮೂರು ಬೀದಿಗೆ ಕೇಳುವಂತೆ ಮಾತಾಡುವವನು. ಮುಚ್ಚುಮರೆ ಇಲ್ಲದ ಮನುಷ್ಯ ಅಂತ ಈಗ ಉಳಿದಿರುವವನು ಅವನೊಬ್ಬನೇ.

“ಒಲೆ ಬಿಸಿ ಅಲ್ಲ ಕಣ್ಲಾ. ಏನೋ ಮುಚ್ಚಿಡ್ತಾವ್ಳೆ. ಇವತ್ತೇ ಕೊನೆ. ಇನ್ಮೇಲೆ ನಮ್ಮ ಎಲೆ ಇಲ್ಲಿ ಬೀಳಲ್ಲ.”

ಮಜ್ಜಿಗೆ ಬಂತು. ಕುಡಿದರು. ರುಚಿಯೇನೋ ಅದೇ ಇತ್ತು. ಮೋಸ ಮಾಡುವವರು ರುಚಿ ಕೆಡಿಸಿಕೊಳ್ಳುತ್ತಾರೆಯೆ?

ಲೋಟ ಕುಕ್ಕಿ ಎದ್ದವರು ನೇರ ಅಡುಗೆಮನೆಯ ಬಾಗಿಲಿಗೆ ನಡೆದರು. ಅಲ್ಲಿ ಸುಲಿದ ಕಾಯಿಯ ಚೀಲವಿತ್ತು.

“ಯಾವಾಗಿನ ಕಾಯಮ್ಮ ಇವು?”

ಯೋಗಿತಾಳ ತುಟಿ ಅಲ್ಲಾಡಿತು. ಮಾತು ಬರಲಿಲ್ಲ. ಸಿಕ್ಕಿಬಿದ್ದವರ ತುಟಿ ಹಾಗೇ ಅಲ್ಲವೆ ಅಲ್ಲಾಡುವುದು?

ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಹಸಿ ಕಾಯಾದರೆ ನೀರು ಕುಲುಕಬೇಕು. ಕುಲುಕಲಿಲ್ಲ. ಇನ್ನೊಂದು. ಅದೂ ಇಲ್ಲ. ಮೂರನೆಯದು. ತೂಕವೇನೋ ಇತ್ತು. ಆದರೆ ತೂಕ ಎಂಥವರನ್ನೂ ಏಮಾರಿಸುತ್ತದೆ. ಅಲ್ಲಾಡಿಸಿ ನೋಡಿದ್ದು ನಲವತ್ತು ವರ್ಷದಲ್ಲಿ ಅವರನ್ನು ಏಮಾರಿಸಿದ್ದಿಲ್ಲ.

“ನೋಡ್ರಪ್ಪಾ! ಒಂದ್ರಲ್ಲೂ ನೀರಿಲ್ಲ. ಎಲ್ಲಾ ಹಳೇ ಕಾಯಿ, ಒಡೆದೇ ತೋರಿಸ್ತೀನಿ. ಇದನ್ನ ಹಿಂಡಿದ್ರೆ ತೊಟ್ಟು ಹಾಲು ಬತ್ತದಾ? ಹಂಗಾರೆ ಇವಳು ನಮಗೆ ಕುಡಿಸ್ತಿರೋದು ಯಾವ ಹಾಲು?”

ಊಟಕ್ಕೆ ಕೂತಿದ್ದ ಹದಿನೈದು ಜನವೂ ಎದ್ದು ನಿಂತರು. ಕರಿಯಪ್ಪ ಓಡಿಬಂದ. ಅವರ ಕೈಯಿಂದ ಕಾಯಿ ಕಸಿದುಕೊಂಡು ಒಮ್ಮೆ ತಾನೂ ಅಲ್ಲಾಡಿಸಿದ. ಅವನ ಮುಖ ಸಪ್ಪಗಾಯಿತು. ಗೆಳೆಯನನ್ನೇ ನೋಡುತ್ತ ನಿಂತ.

“ಶಂಭಣ್ಣ, ಎಲ್ರ ಮುಂದೆ ಒಡೀಬ್ಯಾಡ. ಬುಡೋ. ನನ್ನ ಮಾತು ಕೇಳು.”

“ಅವಳ ಮೇಲೆ ಕನಿಕರವೇನ್ಲಾ ನಿನಗೆ? ಒಡೀತೀನಿ. ನನ್ನ ನಂಬ್ಕೊಂಡು ಇಲ್ಲಿಗೆ ಬಂದೋರು ಇವರೆಲ್ಲ. ನೋಡ್ಲಿ.”

ಯೋಗಿತಾ ಈ ಸಲ ಕೂಗಲಿಲ್ಲ. ಅವಳ ಕಣ್ಣು ತುಂಬಿತ್ತು. ಮಚ್ಚು ತಂದು ಅವರ ಕೈಗೆ ಕೊಟ್ಟಳು.

ಒಂದೇ ಏಟು. ಕಾಯಿ ಎರಡಾಯಿತು. ಒಳಗಿದ್ದ ನೀರು ಅವರ ಬಿಳಿ ಪಂಚೆಯ ಮೇಲೆಲ್ಲ ಚೆಲ್ಲಿತು.

ಎದ್ದು ನಿಂತಿದ್ದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಮತ್ತೆ ಎಲೆಯ ಮುಂದೆ ಕೂತರು.

ಶಂಭುಲಿಂಗಯ್ಯ ಚೀಲದಿಂದ ಮತ್ತೊಂದು ಕಾಯಿ ಎತ್ತಿಕೊಂಡು, ಕಿವಿಗೆ ಒತ್ತಿ ಹಿಡಿದು, ಅಲ್ಲಾಡಿಸಿದರು, ಇನ್ನೂ ಜೋರಾಗಿ ಅಲ್ಲಾಡಿಸಿದರು; ಅದರೊಳಗೆ ನೀರು ಕುಲುಕುತ್ತಿದ್ದುದು ಬಾಗಿಲ ಹೊರಗೆ ಕೈ ತೊಳೆಯುತ್ತಿದ್ದವನಿಗೂ ಕೇಳಿಸುತ್ತಿತ್ತು.