ಮಲತಾಯಿಯ ನಗು

ಪರದೆಯ ಮೇಲೆ ಮಲತಾಯಿ ಗಹಗಹಿಸಿ ನಕ್ಕಳು. ಅವಳ ಹಿಂದೆಯೇ ಇಡೀ ತರಗತಿ ನಕ್ಕಿತು. ಬಟ್ಟೆ ಸಾಬೂನಿನ ಆ ಜಾಹೀರಾತು ಯಾರಿಗೆ ತಾನೇ ಗೊತ್ತಿಲ್ಲ! ಮಲತಾಯಿ ಕೆಸರು ಮೆತ್ತಿದ ಅಂಗಿಯನ್ನು ತಬ್ಬಲಿ ಹುಡುಗಿಯ ಮುಖಕ್ಕೆ ಎಸೆದು, "ಬೆಳ್ಳಗಾಗದಿದ್ರೆ ಅರಮನೇನ ಕನಸಲ್ಲೇ ನೋಡ್ಕೋ!" ಎಂದು ನಗುತ್ತಾಳೆ. ಕಿನ್ನರಿ ಬಂದು ಮಂತ್ರದಂಡ ಬೀಸುವ ಬದಲು ಸಾಬೂನು ಕೊಟ್ಟು ಹೋಗುತ್ತಾಳೆ. ರಾಜಕುಮಾರನೋ, ಹುಡುಗಿಯ ಮುಖಕ್ಕಿಂತ ಹೆಚ್ಚು ಹೊತ್ತು ಅವಳ ಅಂಗಿಯನ್ನೇ ನೋಡುತ್ತಾನೆ.

ಪರದೆಯ ಪಕ್ಕ ನಿಂತಿದ್ದ ವಿದ್ಯಾರ್ಥಿನಿ ಮಾತ್ರ ನಗಲಿಲ್ಲ. ಜಾಹೀರಾತುಗಳಲ್ಲಿ ಬರುವ ಕಿನ್ನರಿ ಕಥೆಗಳ ಬಗ್ಗೆ ವಾರಕ್ಕೊಂದು ಬ್ಲಾಗ್ ಬರೆಯುವುದು ಅವಳೇ ಆರಿಸಿಕೊಂಡ ಪ್ರಾಜೆಕ್ಟ್. ಗೋಡೆಗೆ ಬಳಿಯುವ ಬಣ್ಣ ಮಾರುವ ಕಪ್ಪೆ, ಬೀಗ ಮಾರುವ ತೋಳ, ಎಲ್ಲರ ಸರದಿಯೂ ಮುಗಿದು ಇವತ್ತು ಕೊನೆಯದು. ಗಂಟಲು ಸರಿಮಾಡಿಕೊಂಡು ಓದಿದಳು: "ಕೊಳೆಯೇ ಇಲ್ಲದಿದ್ದರೆ ಸಾಬೂನು ಯಾರಿಗೆ ಬೇಕು? ಅದಕ್ಕೇ ಜಾಹೀರಾತಿಗೆ ಮಲತಾಯಿ ಬೇಕು. ಅಲ್ಲಿ ಅವಳು ಮನುಷ್ಯಳಲ್ಲ, ಅಂಗಿಗೆ ಮೆತ್ತಿದ ಕೆಸರಿನ ಇನ್ನೊಂದು ರೂಪ. ಆದರೂ ನಮಗೆಲ್ಲ ನೆನಪಿರುವುದು ತಬ್ಬಲಿ ಹುಡುಗಿಯೂ ಅಲ್ಲ, ಸಾಬೂನೂ ಅಲ್ಲ, ಮಲತಾಯಿಯ ನಗು. ಆ ದನಿ ಯಾರದೋ ತಿಳಿಯದು."

ಕೊನೆಯ ಸಾಲಿಗೆ ಬಂದಾಗ ಅವಳ ನಾಲಿಗೆ ತೊದಲಿತು. ಅದು ಹಸಿ ಸುಳ್ಳು. ಆ ದನಿ ಅವಳ ಮನೆಯಲ್ಲೇ ಇತ್ತು. ಅಪ್ಪ ಮರುಮದುವೆಯಾಗಿ ಕರೆತಂದ ಚಿಕ್ಕಮ್ಮನಿಗೆ ಜಾಹೀರಾತುಗಳಿಗೆ ದನಿ ಕೊಡುವುದೇ ಕೆಲಸ. ಮೈಕಿಗೆ ಸದ್ದು ಕೇಳಿಸೀತೆಂದು ಕೈಬಳೆ ಕಳಚಿಟ್ಟು ಅವರು ನಕ್ಕ ನಗು ಅದು. ಹೇಳಿದರೆ ಎಲ್ಲರೂ 'ಪಾಪ, ಮಲತಾಯಿಯಾ?' ಎಂದು ತನ್ನ ಕಡೆ ಕನಿಕರದಿಂದ ನೋಡುತ್ತಾರೆಂದು ಇವಳು ಮುಚ್ಚಿಟ್ಟಿದ್ದಳು. ಬ್ಲಾಗಿನ ಖಾಯಂ ಓದುಗರೆಂದರೆ ಇಬ್ಬರೇ, ಬರೆದ ಇವಳು ಮತ್ತು ಚಿಕ್ಕಮ್ಮ. ಪ್ರಕಟವಾಗುವ ಮುಂಚೆಯೇ ಓದಿ ಪ್ರತಿ ವಾರ "ಭೇಷ್!" ಎನ್ನುತ್ತಿದ್ದವರು ನಿನ್ನೆ ಸಂಜೆ ಆ ಕೊನೆಯ ಸಾಲಿನವರೆಗೂ ಓದಿ, "ಹ್ಞೂಂ, ಊಟಕ್ಕೆ ಬಾ" ಎಂದಷ್ಟೇ ಹೇಳಿ ಎದ್ದು ಹೋಗಿದ್ದರು.

"ತಿಳಿಯದು ಅಂತ ಬರೆದುಬಿಟ್ರೆ ಆಯ್ತಾ? ಹುಡುಕಿದ್ಯಾ?" ಎಂದರು ಪಾಠದ ಮೇಡಂ.

"ಅದ್ರಲ್ಲಿ ಹುಡುಕೋದೇನಿದೆ ಮೇಡಂ? ಅಷ್ಟು ಹೊಟ್ಟೆ ಉರಿಸೋ ಹಾಗೆ ನಗ್ಬೇಕಾದ್ರೆ ಆ ಹೆಂಗಸು ನಿಜವಾಗ್ಲೂ ಅಂಥವಳೇ ಇರ್ಬೇಕು!" ಎಂದಳು ಮುಂದಿನ ಬೆಂಚಿನ ಗಿಳಿ. ಕಂಡವರನ್ನೆಲ್ಲ ಅಣಕಿಸುವ ಅವಳಿಗೆ ಆ ಹೆಸರು ಬಿಟ್ಟು ಬೇರೆ ಹೆಸರಿದ್ದದ್ದು ಎಲ್ಲರಿಗೂ ಮರೆತೇಹೋಗಿತ್ತು. ಎದ್ದು ನಿಂತು ಆ ನಗುವನ್ನೂ ಅಣಕಿಸಿದಳು. ತರಗತಿ ಮತ್ತೆ ಬಿದ್ದು ಬಿದ್ದು ನಕ್ಕಿತು.

ವಿದ್ಯಾರ್ಥಿನಿಗೆ ಮೈಯೆಲ್ಲ ಉರಿದುಹೋಯಿತು. "ಅದು ಹಾಗಲ್ಲ ಕಣೇ. ಉಸಿರನ್ನ ಮೊದಲೇ ಖರ್ಚು ಮಾಡ್ಬಾರ್ದು. ಕೊನೇಗೆ ಅಂತ ಇಟ್ಕೋಬೇಕು."

"ನಿಂಗೇನೇ ಗೊತ್ತು?"

"ಗೊತ್ತು. ಅದು ನಮ್ಮ ಚಿಕ್ಕಮ್ಮನ ನಗು. ನನ್ನ ಮಲತಾಯಿ." ಒಮ್ಮೆ ಬಾಯಿಬಿಟ್ಟ ಮೇಲೆ ತಡೆಯಲಾಗಲಿಲ್ಲ. "ಅಮ್ಮ ಹೋದ ಮೇಲೆ ನಾನು ಮಾತೇ ಬಿಟ್ಟಿದ್ದೆ. ಚಿಕ್ಕಮ್ಮ ಕಥೆ ಹೇಳಿ ಹೇಳಿ ಹಾಲು ಕುಡಿಸೋರು. ಒಂದಿನ ಕಥೇಲಿ ಮಲತಾಯಿ ಬಂದ್ಲು. ಬೇರೆಯವರಾಗಿದ್ರೆ ಆ ಭಾಗ ಹಾರಿಸಿಬಿಡ್ತಿದ್ರು. ಇವರು ಸೊಂಟದ ಮೇಲೆ ಕೈಯಿಟ್ಕೊಂಡು ಹೀಗೆ ನಕ್ಕುಬಿಟ್ರು. ಹಾಲು ನನ್ನ ಮೂಗಲ್ಲಿ ಬಂತು. ಅವತ್ತೇ ನಾನು ಮತ್ತೆ ನಕ್ಕಿದ್ದು. ಸಾಬೂನು ಕಂಪನಿಯವರು ಕೇಳಿದ್ದು ಆಮೇಲೆ. ಆ ನಗು ಮೊದಲು ನಂದು."

"ಬುರುಡೆ ಬಿಡ್ಬೇಡ," ಎಂದಳು ಗಿಳಿ, ಆದರೆ ದನಿ ಕೊಂಚ ಇಳಿದಿತ್ತು. ವಿದ್ಯಾರ್ಥಿನಿ ಮೇಡಂ ಕಡೆ ನೋಡಿದಳು. ಮೇಡಂ ತಲೆಯಾಡಿಸಿದರು. ಅವಳು ಚಿಕ್ಕಮ್ಮನಿಗೆ ಕರೆ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಯಾಕೇ ಪುಟ್ಟಿ? ಹುಷಾರಾಗಿದೀಯ ತಾನೆ? ಕ್ಲಾಸಿಲ್ವಾ?" ಗಾಬರಿಯಾದ, ಮೆತ್ತನೆಯ ಸಣ್ಣ ದನಿ. ಗಿಳಿ ಪಕ್ಕದವಳನ್ನು ನೋಡಿ ತುಟಿ ಕೊಂಕಿಸಿದಳು.

"ಕ್ಲಾಸಲ್ಲೇ ಇದೀನಿ ಚಿಕ್ಕಮ್ಮ. ಎಲ್ರೂ ಕೇಳಿಸ್ಕೊಳ್ತಿದಾರೆ. ಆ ದನಿ ಯಾರದು ಅಂತ ಹೇಳ್ಬಿಟ್ಟೆ. ನಮ್ಮ ನಗು ಒಂದ್ಸಲ ನಗ್ತೀರಾ?"

ಆ ಕಡೆ ಯಾರೋ ಮೂಗೆಳೆದುಕೊಂಡಂತಾಯಿತು. ಆಮೇಲೆ ಒಂದೊಂದೇ ಬಳೆ ಕಳಚಿ ಕೆಳಗಿಟ್ಟ ಸದ್ದು ಕೇಳಿತು.

ನಗು ಸಣ್ಣದಾಗಿ ಶುರುವಾಗಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ಇನ್ನೇನು ಮುಗಿಯಿತು ಎನ್ನುವಾಗ ಮತ್ತೊಮ್ಮೆ ಭುಗಿಲೆದ್ದು ತರಗತಿಯ ನಾಲ್ಕೂ ಗೋಡೆಗೆ ಬಡಿಯಿತು. ಗಿಳಿ ತನಗರಿವಿಲ್ಲದೆ ಎದ್ದು ನಿಂತುಬಿಟ್ಟಿದ್ದಳು. ಚಪ್ಪಾಳೆಯ ನಡುವೆ ಆ ಸಣ್ಣ ದನಿ, "ಭೇಷ್ ಕಣೇ... ಅಯ್ಯೋ, ಹಾಲುಕ್ತಿದೆ, ಇಡ್ತೀನಿ" ಎಂದಿತು.

ವಿದ್ಯಾರ್ಥಿನಿ ಕೀಬೋರ್ಡಿನ ಕಡೆ ತಿರುಗಿ 'ಆ ದನಿ ಯಾರದೋ ತಿಳಿಯದು' ಎಂಬುದನ್ನು ಅಳಿಸಿದಳು. 'ಮಲತಾಯಿಯ ದನಿ: ನನ್ನ ಚಿಕ್ಕಮ್ಮ' ಎಂದು ಎಲ್ಲರೆದುರೇ ಟೈಪ್ ಮಾಡಿ, ಎದೆ ಉಬ್ಬಿಸಿಕೊಂಡು 'ಪ್ರಕಟಿಸು' ಒತ್ತಿದಳು.

ಗಿಳಿ ಹತ್ತಿರ ಬಂದು ಪಿಸುಗುಟ್ಟಿದಳು. "ನಿಜ ಹೇಳೇ, ಮನೇಲಿ ಬೈಯೋವಾಗ್ಲೂ ಅವರ ದನಿ ಹೀಗೇ ಇರುತ್ತಾ?"

"ಎಲ್ಲಿ ಬಂತು! ನನ್ನ ಬೈಯೋಕೆ ಹೊರಟ್ರೆ ಮಾತ್ರ ಅವರಿಗೆ ದನಿಯೇ ಏಳಲ್ಲ."